ಕ್ಲಿಪ್ ಹಾಕುವ ಮುನ್ನ ಕೀಲನ್ನೂ ನೋಡಬೇಕು

ಕಿವಿಯ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಬೆರಳಡಿಯ ಗುಂಡನೆಯ ಮೂಳೆ ಮೊದಲು ಇದ್ದಲ್ಲೇ ತಿರುಗಿ, ಆಮೇಲೆ ಮುಂದಕ್ಕೆ ಜಾರುತ್ತದೆ. ಅದೇ ದವಡೆಯ ಕೀಲು. ಎಡಬಲದ ಕೀಲುಗಳೆರಡೂ ಒಂದೇ ಮೂಳೆಗೆ ಸೇರಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದು ಅಲುಗುವಂತಿಲ್ಲ. ಕೀಲಿನೊಳಗಿನ ಮೆತ್ತನೆಯ ಬಿಲ್ಲೆ ಜಾಗ ತಪ್ಪಿದರೆ ‘ಲಟಕ್’ ಎಂಬ ಸದ್ದು ಬರುತ್ತದೆ. ನೋವಿಲ್ಲದೆ, ಬಾಯಿ ಸಲೀಸಾಗಿ ತೆರೆಯುತ್ತಿದ್ದರೆ ಬರೀ ಸದ್ದಿಗೆ ಚಿಕಿತ್ಸೆ ಬೇಡ. ವಯಸ್ಕರ ಬಾಯಿ ಸಾಮಾನ್ಯವಾಗಿ 40 ಮಿ.ಮೀ.ಗಿಂತ ಹೆಚ್ಚು ತೆರೆಯುತ್ತದೆ, ಅಂದರೆ ಅವರವರ ಮೂರು ಬೆರಳು ಹಿಡಿಸುವಷ್ಟು.

ಈ ಕೀಲನ್ನು ಆಡಿಸುವ ಸ್ನಾಯುಗಳು ಕೆನ್ನೆಯಲ್ಲಿ, ಕಣತಲೆಯಲ್ಲಿ, ದವಡೆಯ ಒಳಬದಿಯಲ್ಲಿವೆ. ಸುಮ್ಮನಿರುವಾಗ ಮೇಲಿನ, ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ನಡುವೆ 2ರಿಂದ 4 ಮಿ.ಮೀ. ಸಂದಿರುತ್ತದೆ. ಹಗಲಿಡೀ ಹಲ್ಲು ಬಿಗಿಹಿಡಿಯುವವರಿಗೆ, ರಾತ್ರಿ ಹಲ್ಲು ಕಡಿಯುವವರಿಗೆ ಈ ವಿಶ್ರಾಂತಿ ಸಿಗುವುದಿಲ್ಲ. ಬೆಳಗ್ಗೆ ಕಾಡುವ ಕಣತಲೆಯ ನೋವಿನ ಮೂಲ ಎಷ್ಟೋ ಸಲ ಇಲ್ಲಿರುತ್ತದೆ.

ಹಲ್ಲುಗಳ ನಡುವೆ ಕೂದಲಿಗಿಂತ ತೆಳುವಾದ ಹಾಳೆ ಸಿಕ್ಕಿದರೂ ನಮಗೆ ಗೊತ್ತಾಗುತ್ತದೆ. ಹಾಗಾಗಿ ಫಿಲ್ಲಿಂಗ್ ಅಥವಾ ಕ್ಯಾಪ್ ಚೂರು ಎತ್ತರವಾದರೂ ಕಚ್ಚಿದಾಗ ಹಲ್ಲು ನೋಯಬಹುದು. ಕೆಲವರಿಗೆ ಕೆನ್ನೆಯ ಸ್ನಾಯುವೂ ಬಿಗಿಯುತ್ತದೆ. ಮರಗಟ್ಟಿದ ಬಾಯಿಗೆ ಇದು ತಿಳಿಯದು. ಜೋಮು ಇಳಿದ ಮೇಲೆ ಎತ್ತರ ಅನ್ನಿಸಿದರೆ ಸಂಕೋಚಪಡದೆ ಮತ್ತೆ ಹೋಗಿ ಸರಿಮಾಡಿಸಿಕೊಳ್ಳಿ.

ಹಲ್ಲಿನ ಜೋಡಣೆ ಕೆಟ್ಟದ್ದೇ ಕೀಲುನೋವಿಗೆ ಕಾರಣ ಎಂಬ ನಂಬಿಕೆ ಹಳೆಯದು. ಹಿಂಬದಿಯ ಹಲ್ಲುಗಳು ಬಿದ್ದರೆ ಕಿವಿ, ತಲೆ ನೋಯುತ್ತವೆ ಎಂದು 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ ವಾದಿಸಿದ್ದರು. 1987ರಲ್ಲಿ ಮಿಷಿಗನ್‌ನಲ್ಲಿ ದೂರು ತಿರುವುಮುರುವಾಯಿತು. ಕ್ಲಿಪ್ ಚಿಕಿತ್ಸೆಯಿಂದಲೇ ಕೀಲು ಕೆಟ್ಟಿತೆಂದು ಹದಿಹರೆಯದ ಹುಡುಗಿಯೊಬ್ಬಳು ಹೂಡಿದ ದಾವೆಯಲ್ಲಿ ಜ್ಯೂರಿ 8,50,000 ಡಾಲರ್ ಪರಿಹಾರ ಕೊಡಿಸಿತು. ಆ ತೀರ್ಪಿನಿಂದ ಬೆಚ್ಚಿದ ದಂತವೈದ್ಯ ಲೋಕ ವ್ಯವಸ್ಥಿತ ಅಧ್ಯಯನಗಳಿಗೆ ಇಳಿಯಿತು. ಸರಿಯಾಗಿ ಮಾಡಿದ ಕ್ಲಿಪ್ ಚಿಕಿತ್ಸೆ ಕೀಲುನೋವನ್ನು ತರುವುದೂ ಇಲ್ಲ, ವಾಸಿಮಾಡುವುದೂ ಇಲ್ಲ ಎಂಬುದೇ ಅವುಗಳಿಂದ ಮೂಡಿದ ಒಟ್ಟು ಅಭಿಪ್ರಾಯ.

ಆದ್ದರಿಂದ ಕೀಲುನೋವಿನ ಹೆಸರಿನಲ್ಲಿ ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸಾಲಾಗಿ ಕ್ಯಾಪ್ ಹಾಕುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಉಜ್ಜಿದ ಎನಾಮಲ್ ಮರಳಿ ಬೆಳೆಯುವುದಿಲ್ಲ. ಮೆದು ಆಹಾರ, ಬಿಸಿ ಶಾಖ, ದವಡೆಯ ವ್ಯಾಯಾಮ, ಬೇಕಾದರೆ ರಾತ್ರಿ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ: ಹೆಚ್ಚಿನವರ ನೋವು ಇಷ್ಟರಲ್ಲೇ ತಗ್ಗುತ್ತದೆ. ಕ್ಲಿಪ್ಪಿಗೋ ಕ್ಯಾಪಿಗೋ ಹೋದಾಗ ವೈದ್ಯರು ಮೊದಲು ಕೀಲನ್ನು ಮುಟ್ಟಿ, ಸ್ನಾಯು ಒತ್ತಿ, ಬಾಯಿ ಎಷ್ಟು ತೆರೆಯುತ್ತದೆಂದು ಅಳೆದು ಬರೆದಿಟ್ಟುಕೊಳ್ಳಬೇಕು. ಅವರು ಮರೆತರೆ ನೀವೇ ಕೇಳಿ.