ಬೇಟೆ ನಿಂತಿತು, ಬಯಲು ಕರಗಿತು

ತುಮಕೂರಿನ ಶಿರಾ ಗೇಟ್ ದಾಟಿ ಹೆದ್ದಾರಿ ಹಿಡಿದವರಿಗೆ ಮೊದಲು ಕಾಣುವುದು ಗೋದಾಮುಗಳು, ಗ್ಯಾರೇಜುಗಳು, ಅನಂತರ ವಸಂತನರಸಾಪುರದ ಕೈಗಾರಿಕಾ ಪ್ರದೇಶ. ಈ ಒಣ ಸೀಮೆಯಲ್ಲಿ ಜಿಂಕೆಯ ಜಾತಿಯ ಪ್ರಾಣಿಗಳು ಇನ್ನೂ ಬದುಕಿವೆ ಎಂದರೆ ನಗರವಾಸಿಗಳಲ್ಲಿ ಬಹುಮಂದಿ ನಂಬಲಾರರು. ಆದರೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರಗಳಿವೆ. 2019ರಲ್ಲಿ ಅದು ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿತವಾಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ಸುಮಾರು 798 ಎಕರೆಯ ಈ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂಬ ಹೆಸರು ಪಡೆಯಿತು. ಜಯಮಂಗಲಿ ನದಿ ಹುಟ್ಟುವುದು ತುಮಕೂರಿಗೆ ಅನತಿ ದೂರದ ದೇವರಾಯನದುರ್ಗದ ಬೆಟ್ಟದಲ್ಲಿ. ನಗರದವರು ಭಾನುವಾರ ವಿಹಾರಕ್ಕೆ ಹೋಗುವ ಬೆಟ್ಟದ ನೀರೇ ಆಂಧ್ರದ ಗಡಿಯ ಆ ಬಯಲಿಗೆ ಹೆಸರು ಕೊಟ್ಟಿದೆ.

ಈ ಪ್ರಾಣಿಗಳಿಗೆ ಬೇಟೆಗಾರನಿಂದ ಅಪಾಯ ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಹಿಂದೊಮ್ಮೆ ಅದು ನಿಜವಾಗಿತ್ತು. ಇಂದು ಅವುಗಳ ಅಳಿವು ಉಳಿವನ್ನು ನಿರ್ಧರಿಸುತ್ತಿರುವುದು ಕೋವಿಗಿಂತ ಹೆಚ್ಚಾಗಿ ಪಹಣಿ. ಕಂದಾಯ ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಇದನ್ನು ಹೇಳಲು ಸಂಕೋಚವಿಲ್ಲ.

ಬೇಟೆ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನವು ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಗಂಗ ದೊರೆ ಬೂತುಗನಿಂದ ಆ ನಾಯಿಯನ್ನು ಪಡೆದವನು ಮಣಲೇರ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳು ಇಂದಿಗೂ ಓದುಗರನ್ನು ಹಿಡಿದಿಟ್ಟಿವೆ. ಮೈಸೂರು ಸಂಸ್ಥಾನ 1901ರಷ್ಟು ಹಿಂದೆಯೇ ಬೇಟೆ ಹಾಗೂ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾನೂನು ತಂದಿತು. ಸ್ವಾತಂತ್ರ್ಯಾನಂತರ 1972ರಲ್ಲಿ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬೇಟೆಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ ಎಂಬುದನ್ನು ಅನೇಕರು ಮರೆತಿದ್ದಾರೆ. ಸಾರಗ, ಕಡವೆಗಳಂಥ ಪ್ರಾಣಿಗಳನ್ನು ಪರವಾನಗಿ ಪಡೆದು ಹೊಡೆಯಲು ಅದರಲ್ಲಿ ಅವಕಾಶವಿತ್ತು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿಯಿಂದ. ಕೃಷ್ಣಮೃಗವಂತೂ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಕೊಂದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. 2022ರ ತಿದ್ದುಪಡಿ ಕನಿಷ್ಠ ದಂಡವನ್ನು 25 ಸಾವಿರ ರೂಪಾಯಿಗೆ ಏರಿಸಿದೆ.

ಕಳ್ಳಬೇಟೆ ಪೂರ್ತಿ ನಿಂತಿದೆ ಎಂದು ನಾನು ಹೇಳುತ್ತಿಲ್ಲ. ಬೇಲಿಯ ಸಂದಿನಲ್ಲಿ ಉರುಳು ಬೀಳುತ್ತದೆ, ನಾಯಿಗಳನ್ನು ಛೂ ಬಿಡುತ್ತಾರೆ, ಊರಿನ ಪರಿಚಯವೇ ಇಲ್ಲದವರು ರಾತ್ರಿ ಜೀಪಿನಲ್ಲಿ ಬಂದು ಬಯಲಿನಲ್ಲಿ ದೀಪ ಹಾಯಿಸುತ್ತಾರೆ. ನ್ಯಾಯಾಲಯಗಳ ನಿಧಾನವೂ ತಿಳಿದದ್ದೇ. ಜೋಧಪುರದ ಬಳಿ 1998ರಲ್ಲಿ ಕೃಷ್ಣಮೃಗಗಳನ್ನು ಕೊಂದ ಪ್ರಕರಣದಲ್ಲಿ ಸಿನಿಮಾ ನಟನೊಬ್ಬನಿಗೆ ಕೆಳ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2018ರಲ್ಲಿ. ಆದರೂ ಕಳ್ಳಬೇಟೆಗಾರ ತೆಗೆಯುವುದು ಹಿಂಡಿನ ಒಂದೆರಡು ತಲೆಗಳನ್ನು. ಹಿಂಡು ಮತ್ತೆ ಬೆಳೆಯಬಲ್ಲದು. ಬಯಲೇ ಹೋದರೆ ಬೆಳೆಯುವುದೆಲ್ಲಿ?

ನಮ್ಮ ಸೀಮೆಯ ಸಾರ್ವಜನಿಕ ಬಯಲುಗಳ ಕತೆ ದೊಡ್ಡದು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಆಯಿತು. ತೋಪುಗಳನ್ನು ಎಳೆಯುವ ಎತ್ತುಗಳ ತಳಿಗಾಗಿ ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಕಾವಲುಗಳನ್ನು ಮೀಸಲಿಡಲಾಯಿತು. 1799ರ ನಂತರ ಬ್ರಿಟಿಷರೂ ಅವನ್ನು ಉಳಿಸಿಕೊಂಡರು, ಅವರ ಫಿರಂಗಿಗಳಿಗೂ ಎತ್ತು ಬೇಕಿತ್ತು. ದನಗಳಿಗಾಗಿ ಕಾದಿಟ್ಟ ಹುಲ್ಲಿನಲ್ಲಿ ಕೃಷ್ಣಮೃಗವೂ ಮೇಯಿತು, ತೋಳವೂ ಎರೆಭೂತ ಹಕ್ಕಿಯೂ ನೆಲೆಗೊಂಡವು. ಕಾವಲುಗಾರನೂ ಅವುಗಳನ್ನು ಬೇರ್ಪಡಿಸಿ ನೋಡಿರಲಾರ. ದಾಖಲೆ ಮಾತ್ರ ಬೇರ್ಪಡಿಸಿತು. ಅಲ್ಲಿ ದನಕ್ಕೆ ಲೆಕ್ಕವಿದೆ, ಮೃಗಕ್ಕಿಲ್ಲ.

ಇದು ಬರೀ ಮಾತಿನ ಚಮತ್ಕಾರವಲ್ಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮದ ಪ್ರಕಾರ ಗ್ರಾಮದ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು. ಕೇಳಲು ಉದಾರವಾದ ನಿಯಮ. ಆದರೆ ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದ ಊರುಗಳಲ್ಲಿ, ನಾಟಿ ಹಸುಗಳ ಜಾಗಕ್ಕೆ ಕೊಟ್ಟಿಗೆಯಲ್ಲೇ ಮೇವು ತಿನ್ನುವ ಒಂದೆರಡು ಸೀಮೆ ಹಸುಗಳು ಬಂದ ಊರುಗಳಲ್ಲಿ ಈ ಲೆಕ್ಕ ತಿರುಗುಬಾಣವಾಗುತ್ತದೆ. ಜಾನುವಾರು ಗಣತಿಯಲ್ಲಿ ತಲೆಗಳು ಕಡಿಮೆಯಾದಂತೆ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ. ಹೆಚ್ಚುವರಿಯಾದದ್ದನ್ನು ಜಿಲ್ಲಾಧಿಕಾರಿ ಕಡಿತಗೊಳಿಸಬಹುದು. ಕಡಿತಗೊಂಡದ್ದು ಮಂಜೂರಿಗೆ ಲಭ್ಯ. ತಹಸೀಲ್ದಾರನ ವರದಿಯಲ್ಲಿ ದನ ಎಷ್ಟು, ಎಕರೆ ಎಷ್ಟು, ಉಳಿಕೆ ಎಷ್ಟು ಎಂಬ ಅಂಕಣಗಳಿರುತ್ತವೆ. ಆ ಹುಲ್ಲಿನಲ್ಲಿ ಬೇರೆ ಯಾವ ಜೀವ ಮೇಯುತ್ತಿದೆ ಎಂಬ ಅಂಕಣ ಇಲ್ಲ. ಇಂಥ ವರದಿಗಳನ್ನು ಬರೆಯುವವರು ದುಷ್ಟರೇನಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವವರು. ಇನ್ನು ಬಗರ್ ಹುಕುಂ ಸಾಗುವಳಿಯ ಸಕ್ರಮಕ್ಕೆ ನಮೂನೆ 50 ಬಂತು, 53 ಬಂತು, 57ನೆಯದೂ ಬಂತು. ಭೂಹೀನನಿಗೆ ನೆಲ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿಯ ಸಾಲಿನಲ್ಲಿ ಭೂಹೀನನ ಹಿಂದೆ ನಿಂತವರೆಲ್ಲ ಭೂಹೀನರಲ್ಲ ಎಂಬುದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು.

ಅರ್ಥಶಾಸ್ತ್ರಜ್ಞ ಎನ್.ಎಸ್. ಜೋಧಾ ಅವರು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. 1950ರ ದಶಕದ ಆರಂಭದಿಂದ 1980ರ ದಶಕದ ಆರಂಭದವರೆಗಿನ ಸುಮಾರು ಮೂವತ್ತು ವರ್ಷಗಳಲ್ಲಿ ಅಲ್ಲಿನ ಸಾಮುದಾಯಿಕ ಭೂಮಿ ಶೇ 31ರಿಂದ 55ರಷ್ಟು ಕುಗ್ಗಿದೆ ಎಂದು ಅವರು ತೋರಿಸಿದರು. ಹೀಗೆ ಹಂಚಿದ ನೆಲದ ಹೆಚ್ಚು ಪಾಲು ಬಡವರಿಗೆ ದಕ್ಕಲಿಲ್ಲ ಎಂಬುದೂ ಅವರ ನಿಷ್ಕರ್ಷೆ. ಗ್ರಾಮದ ಸಾಮುದಾಯಿಕ ಭೂಮಿಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಸುತ್ತೋಲೆಗಳು ಹೊರಟವು.

ಸರ್ಕಾರಕ್ಕೆ ದೊಡ್ಡ ಯೋಜನೆಯೊಂದು ಬಂದಾಗಲೂ ಮೊದಲು ನೆನಪಾಗುವುದು ಕಾವಲೇ. ಪರಿಹಾರ ಕೊಡಬೇಕಿಲ್ಲ, ರೈತರ ಧರಣಿಯಿಲ್ಲ, ನಕ್ಷೆಯಲ್ಲಿ ಒಂದೇ ಸರ್ವೆ ನಂಬರು. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಪ್ರಧಾನಿ ಉದ್ಘಾಟಿಸಿದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರುವುದು 615 ಎಕರೆಯಲ್ಲಿ. ಆ ಸ್ಥಳದ ಹೆಸರು ಬಿದರೆಹಳ್ಳ ಕಾವಲ್. ಶಿರಾದ ಉತ್ತರಕ್ಕೆ, ಚಳ್ಳಕೆರೆಯಲ್ಲಿ, ಸುಮಾರು 10 ಸಾವಿರ ಎಕರೆ ಅಮೃತ್ ಮಹಲ್ ಕಾವಲನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗೆ ಹಂಚಲಾಯಿತು. ಗೋಡೆಗಳು ಎದ್ದ ಮೇಲೆಯೇ ಕುರಿಗಾಹಿಗಳಿಗೆ ವಿಷಯ ತಿಳಿದದ್ದು. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕಾರ್ಖಾನೆ ಬೇಡ, ಪ್ರಯೋಗಾಲಯ ಬೇಡ ಎನ್ನುವವನು ನಾನಲ್ಲ. ಪುಕ್ಕಟೆ ಎಂದು ಭಾವಿಸಿದ ನೆಲಕ್ಕೂ ಬೆಲೆಯಿದೆ, ಆ ಬೆಲೆಯನ್ನು ಯಾರೋ ತೆರುತ್ತಾರೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ.

ಹಸಿರಿನ ಹೆಸರಿನಲ್ಲೂ ಬಯಲು ಹೋಗಿದೆ. ಕೃಷ್ಣಮೃಗ ಕಾಡಿನ ಪ್ರಾಣಿಯಲ್ಲ. ದೂರದವರೆಗೆ ನೋಡುವ ಕಣ್ಣು ಮತ್ತು ಓಡುವ ಕಾಲು, ಇವೆರಡೇ ಅದರ ಆಯುಧಗಳು. ಮರ ನೆಟ್ಟು ನೋಟ ಮುಚ್ಚಿದರೆ ಅದು ಅಲ್ಲಿ ನಿಲ್ಲುವುದಿಲ್ಲ. ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಪ್ರದೇಶವನ್ನು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಿದ ಸರ್ಕಾರವೇ ಅದರ ಬಹುಭಾಗವನ್ನು ನೀಲಗಿರಿ ತೋಪಾಗಲು ಬಿಟ್ಟಿತು. 1983ರಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗಲೂ ‘ಪಾಳುಭೂಮಿ’ಗೆ ಮರ ಹೊದಿಸುವುದೇ ಪುಣ್ಯಕಾರ್ಯವೆನಿಸಿತ್ತು. ಹುಲ್ಲು ಬೆಳೆಯುವ ನೆಲವನ್ನು ಪಾಳು ಎಂದು ಕರೆದ ಮೇಲೆ ಉಳಿದದ್ದು ತಾನಾಗಿಯೇ ನಡೆಯುತ್ತದೆ.

ಸಾರ್ವಜನಿಕ ಭೂಮಿ ಎಂದರೆ ತನ್ನದೂ ಹೌದು ಎಂಬ ಪ್ರಜ್ಞೆ ಬೇರೆಡೆ ಹೇಗಿದೆ ಎಂಬುದಕ್ಕೆ ಅಮೆರಿಕದ ಒಂದು ವ್ಯಾಜ್ಯವನ್ನು ನೋಡಬೇಕು. ಅಲ್ಲಿನವರ ಪ್ರಿಯ ಬೇಟೆ ಎಲ್ಕ್, ನಮ್ಮ ಕಡವೆಯ ದೂರದ ಬಂಧು. ಹತ್ತೊಂಬತ್ತನೆಯ ಶತಮಾನದ ಸಿಲೋನಿನಲ್ಲಿ ಬೇಟೆಯಾಡಿದ ಸ್ಯಾಮ್ಯುಯೆಲ್ ಬೇಕರ್ ಕಡವೆಯನ್ನೇ ಎಲ್ಕ್ ಎಂದು ಕರೆದ. ವಯೋಮಿಂಗ್ ರಾಜ್ಯದಲ್ಲಿ 1860ರ ದಶಕದಲ್ಲಿ ರೈಲ್ವೆ ಕಂಪನಿಗೆ ಒಂದು ಚದರ ಮೈಲಿಯ ತುಂಡುಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಹಂಚಿದ್ದರು. ಕಪ್ಪು ಮನೆ ಖಾಸಗಿ, ಬಿಳಿ ಮನೆ ಸರ್ಕಾರಿ. ಒಂದು ಬಿಳಿ ಮನೆಯಿಂದ ಇನ್ನೊಂದಕ್ಕೆ ಹೋಗಲು ಮೂಲೆಯಲ್ಲೇ ದಾಟಬೇಕು. 2021ರಲ್ಲಿ ಮಿಸೌರಿ ರಾಜ್ಯದಿಂದ, ಆ ನೆಲಕ್ಕೆ ಹೊರಗಿನವರಾದ ನಾಲ್ವರು ಬೇಟೆಗಾರರು ನಕ್ಷೆ ಹಿಡಿದು ಬಂದು, ಎಲ್ಕ್ ಬೆಟ್ಟದ ಬಳಿ ಸರ್ವೆ ಗುರುತು ಇರುವ ಮೂಲೆಯಲ್ಲಿ ಏಣಿಯಿಟ್ಟು, ಖಾಸಗಿ ನೆಲಕ್ಕೆ ಕಾಲು ಸೋಕಿಸದೆ ದಾಟಿದರು. ತನ್ನ ನೆಲದ ಮೇಲಿನ ಗಾಳಿಯನ್ನು ಅತಿಕ್ರಮಿಸಿದ್ದಾರೆಂದು ಭೂಮಾಲೀಕ ಲಕ್ಷಾಂತರ ಡಾಲರುಗಳ ದಾವೆ ಹೂಡಿದ. 2025ರ ಮಾರ್ಚಿನಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪಿತ್ತಿತು. ಸಾರ್ವಜನಿಕ ಭೂಮಿಗೆ ಬೇಲಿ ಹಾಕಿ ಜನರನ್ನು ತಡೆಯಬಾರದೆಂಬ 1885ರ ಕಾನೂನೇ ಅದಕ್ಕೆ ಆಧಾರ.

ಬೇಟೆ ಸರಿಯೇ ತಪ್ಪೇ ಎಂಬುದನ್ನು ಬದಿಗಿಡೋಣ. ಅಪರಿಚಿತ ರಾಜ್ಯದ ಬೆಟ್ಟದಲ್ಲಿ ಸರ್ಕಾರಿ ನೆಲದ ಗಡಿ ಎಲ್ಲಿದೆ ಎಂದು ಅಂಗುಲಗಟ್ಟಲೆ ಬಲ್ಲ ಸಾಮಾನ್ಯ ನಾಗರಿಕರು ಅಲ್ಲಿದ್ದಾರೆ. ನಮ್ಮ ಪಕ್ಕದ ಗೋಮಾಳದ ಬಾಂದುಕಲ್ಲು ಎಲ್ಲಿತ್ತು ಎಂದು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು?

ಹಾಗೆಂದು ಅಮೆರಿಕದಂತೆ ನಾವೂ ಪರವಾನಗಿ ಕೊಟ್ಟು ಬೇಟೆ ಆರಂಭಿಸೋಣ ಎಂಬ ವಾದವನ್ನು ಒಪ್ಪಲಾಗದು. ಅಲ್ಲಿ ಕೊಲೊರಾಡೊ ಒಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ. ಎಷ್ಟು ಹೊಡೆಯಬಹುದೆಂದು ರಾಜ್ಯ ಪ್ರತಿವರ್ಷ ನಿಗದಿ ಮಾಡುತ್ತದೆ. ಕೋವಿ ಮದ್ದುಗುಂಡುಗಳ ಮೇಲೆ 1937ರಿಂದ ವಸೂಲಾಗುವ ತೆರಿಗೆ ನೇರ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ನಮ್ಮಲ್ಲಿರುವುದು ಕೆಲವು ನೂರು ಎಕರೆಯ ದ್ವೀಪ, ಸುತ್ತ ಶೇಂಗಾ ಮತ್ತು ರಾಗಿಯ ಹೊಲ. 2016ರಲ್ಲಿ ಬಿಹಾರದಲ್ಲಿ ನೀಲಗಾಯಿಯನ್ನು ಪೀಡಕ ಪ್ರಾಣಿಯೆಂದು ಸಾರಿ, ಹೈದರಾಬಾದಿನಿಂದ ಗುರಿಕಾರರನ್ನು ಕರೆಸಿ, ಮೊಕಾಮಾದ ಬಯಲಿನಲ್ಲಿ 200ಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಿಸಲಾಯಿತು. ಕೇಂದ್ರದ ಇಬ್ಬರು ಸಚಿವರು ಬಹಿರಂಗವಾಗಿ ಜಗಳವಾಡಿದರು. ರೈತನ ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ.

ರೈತನ ಸಮಸ್ಯೆ ಮಾತ್ರ ನಿಜವಾದದ್ದು. ಹದವಾಗಿ ಮಳೆ ಬಿದ್ದು ಶೇಂಗಾ ಚಿಗುರಿದ ವಾರದಲ್ಲೇ ಹಿಂಡು ಹೊಲಕ್ಕಿಳಿದರೆ, ಎರಡೆಕರೆಯ ಒಡೆಯನಿಗೆ ಅದು ವರ್ಷದ ಪ್ರಶ್ನೆ. ಬೆಳೆ ಪರಿಹಾರಕ್ಕೆ ಇ-ಪರಿಹಾರ ವ್ಯವಸ್ಥೆಯಿದೆ. ಆದರೆ ಅರ್ಜಿ, ಛಾಯಾಚಿತ್ರ, ಮಹಜರುಗಳ ನಡುವೆ ಕೂಲಿ ಕಳೆದುಕೊಳ್ಳುವ ಹಿಡುವಳಿದಾರ ಮುಂದಿನ ಸಲ ಅರ್ಜಿ ಬರೆಯುವ ಬದಲು ಉರುಳು ಹಾಕುವವನನ್ನು ಕಂಡೂ ಕಾಣದಂತಿದ್ದರೆ ಆಶ್ಚರ್ಯವಿಲ್ಲ. ಗೋಮಾಳ ಕರಗಿದಷ್ಟೂ ಹಿಂಡು ಹೊಲಕ್ಕೆ ಹತ್ತಿರವಾಗುತ್ತದೆ. ಎರಡೂ ಒಂದೇ ಕಡತದ ವಿಷಯಗಳು, ನಾವು ಅವನ್ನು ಎರಡು ಇಲಾಖೆಗಳಲ್ಲಿ ಇಟ್ಟಿದ್ದೇವೆ.

ಮಾಡಬಹುದಾದ ಕೆಲಸಗಳಿಗೆ ಹೊಸ ಕಾಯ್ದೆ ಬೇಕಿಲ್ಲ. ವನ್ಯಪ್ರಾಣಿಗಳು ನೆಲೆಸಿರುವ ಗೋಮಾಳ, ಕಾವಲುಗಳನ್ನು ಗುರುತಿಸಿ, ಪಹಣಿಯ 11ನೆಯ ಅಂಕಣದಲ್ಲಿ ಆ ಸಂಗತಿಯನ್ನು ನಮೂದಿಸಬಹುದು. ಮಂಜೂರಾತಿ ಕಡತ ಮೇಜಿಗೆ ಬಂದ ದಿನ ಅಧಿಕಾರಿಯ ಕಣ್ಣಿಗೆ ಬೀಳಬೇಕಾದದ್ದು ಆ ಒಂದು ಸಾಲು. 97ನೆಯ ನಿಯಮದಡಿ ‘ಹೆಚ್ಚುವರಿ’ ಎನ್ನುವ ಮುನ್ನ ಅರಣ್ಯ ಇಲಾಖೆಯ ವರದಿ ಕಡ್ಡಾಯವಾಗಬೇಕು. ಸಂರಕ್ಷಣಾ ಮೀಸಲು ಎಂಬ ವರ್ಗ 2002ರ ತಿದ್ದುಪಡಿಯಲ್ಲಿ ಹುಟ್ಟಿದ್ದೇ ಸರ್ಕಾರಿ ಭೂಮಿಗಾಗಿ. ಸ್ಥಳೀಯರೊಡನೆ ಸಮಾಲೋಚಿಸಿ, ಅವರ ಹಕ್ಕುಗಳಿಗೆ ಚ್ಯುತಿ ತಾರದೆ ಘೋಷಿಸಬಹುದಾದ ಈ ಮೀಸಲು ಅಭಯಾರಣ್ಯಕ್ಕಿಂತ ನಮ್ಮ ಬಯಲುಗಳಿಗೆ ಹೆಚ್ಚು ಹೊಂದುತ್ತದೆ. ಕುರಿಗಾಹಿಯನ್ನು ಹೊರಗಟ್ಟಿ ಜಿಂಕೆಯನ್ನು ಉಳಿಸುವ ದಾರಿ ಇಲ್ಲಿಲ್ಲ.

ಈ ಮೀಸಲಿನ ನಿರ್ವಹಣಾ ಸಮಿತಿಯ ರಚನೆಯನ್ನು ಕಾಯ್ದೆಯ 36-ಬಿ ಕಲಂ ವಿವರಿಸುತ್ತದೆ. ಅರಣ್ಯ ಇಲಾಖೆಯ ಪ್ರತಿನಿಧಿ ಸದಸ್ಯ ಕಾರ್ಯದರ್ಶಿ; ಮೀಸಲು ಇರುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು; ಸ್ವಯಂಸೇವಾ ಸಂಸ್ಥೆಗಳಿಂದ ಮೂವರು; ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು. ಕಂದಾಯ ಇಲಾಖೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಮೀಸಲಿನ ಬಾಂದುಕಲ್ಲಿನ ಆಚೆ ಬದಿಯ ಎಕರೆ ಯಾರ ಪಾಲಾಗುತ್ತದೆಂದು ನಿರ್ಧರಿಸುವವರು ಆ ಮೇಜಿನ ಸುತ್ತ ಕೂರುವುದೇ ಇಲ್ಲ. ತಹಸೀಲ್ದಾರರನ್ನು ಪ್ರತಿ ಸಭೆಗೂ ಕಡ್ಡಾಯ ಆಹ್ವಾನಿತರನ್ನಾಗಿಸಲು ರಾಜ್ಯ ಸರ್ಕಾರದ ಒಂದು ಪುಟದ ಆದೇಶ ಸಾಕು. ಜಯಮಂಗಲಿಯಿಂದಲೇ ಅದನ್ನು ಆರಂಭಿಸಬಹುದು.