ಶಿಲೀಂಧ್ರಗಳ ಜೀವಕೋಶ: ರಚನೆ, ಕಾರ್ಯ ಮತ್ತು ಮಹತ್ವ

ಪೀಠಿಕೆ

ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಕಟ್ಟುವ ಬೂಷ್ಟು, ಗೊಬ್ಬರದ ರಾಶಿಯ ಮೇಲೆ ಏಳುವ ಅಣಬೆ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್, ಚರ್ಮದ ಮೇಲೆ ಉಂಗುರದಂತೆ ಹರಡುವ ಹುಳುಕಡ್ಡಿ, ಇವೆಲ್ಲವೂ ಶಿಲೀಂಧ್ರಗಳ ವಿವಿಧ ರೂಪಗಳಾಗಿವೆ. ಬಹುಕಾಲ ಇವುಗಳನ್ನು ಸಸ್ಯಗಳ ಗುಂಪಿನಲ್ಲಿಯೇ ಸೇರಿಸಲಾಗಿತ್ತು. 1969ರಲ್ಲಿ ಅಮೆರಿಕದ ವಿಜ್ಞಾನಿ ಆರ್.ಎಚ್. ವ್ಹಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ವರ್ಗೀಕರಣದಲ್ಲಿ ಶಿಲೀಂಧ್ರಗಳಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಇದುವರೆಗೆ ಸುಮಾರು 1.5 ಲಕ್ಷ ಪ್ರಭೇದಗಳನ್ನು ಗುರುತಿಸಿ ಹೆಸರಿಸಲಾಗಿದೆ.

ಶಿಲೀಂಧ್ರಗಳು ಮಾನವನಿಗೆ ಉಪಕಾರಿಗಳೂ ಹೌದು, ಅಪಾಯಕಾರಿಗಳೂ ಹೌದು. ಅವು ತರುವ ರೋಗಕ್ಕೆ ಯಾವ ಔಷಧವು ಫಲಕಾರಿ, ಯಾವುದು ನಿಷ್ಫಲ ಎಂಬುದನ್ನು ಬಹುಮಟ್ಟಿಗೆ ಅವುಗಳ ಜೀವಕೋಶದ ರಚನೆಯೇ ನಿರ್ಧರಿಸುತ್ತದೆ. ಆದುದರಿಂದ ಈ ರಚನೆಯ ಸ್ಥೂಲ ಪರಿಚಯವು ರೈತರಿಗೂ ಸಾರ್ವಜನಿಕರಿಗೂ ಅವಶ್ಯಕವಾಗಿದೆ.

ಜೀವಕೋಶದ ರಚನೆ

ಶಿಲೀಂಧ್ರದ ಜೀವಕೋಶದಲ್ಲಿ ಪ್ರಾಣಿ ಮತ್ತು ಸಸ್ಯಗಳಲ್ಲಿರುವಂತೆ ಪೊರೆಯಿಂದ ಆವೃತವಾದ ಕೋಶಕೇಂದ್ರವಿರುತ್ತದೆ. ಪತ್ರಹರಿತ್ತು ಇರುವುದಿಲ್ಲವಾದ್ದರಿಂದ ಅದು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿಕೊಳ್ಳಲಾರದು. ಇದರ ಪ್ರಮುಖ ಲಕ್ಷಣಗಳು ಈ ಕೆಳಗಿನಂತಿವೆ.

1. ಕೋಶಭಿತ್ತಿ: ಸಸ್ಯಗಳ ಕೋಶಭಿತ್ತಿಯು ಮುಖ್ಯವಾಗಿ ಸೆಲ್ಯುಲೋಸ್‌ನಿಂದ ಆಗಿದ್ದರೆ, ಶಿಲೀಂಧ್ರಗಳ ಭಿತ್ತಿಯು ಕೈಟಿನ್ ಮತ್ತು ಗ್ಲೂಕಾನ್‌ಗಳಿಂದ ಆಗಿದೆ. ಕೀಟಗಳ ಮತ್ತು ಏಡಿಯ ಹೊರಕವಚದಲ್ಲಿರುವುದೂ ಇದೇ ಕೈಟಿನ್.

2. ಕೋಶಪೊರೆ: ಭಿತ್ತಿಯ ಒಳಗಿನ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ವಸ್ತುವಿರುತ್ತದೆ. ಮಾನವನ ಜೀವಕೋಶದಲ್ಲಿ ಇದರ ಸ್ಥಾನದಲ್ಲಿ ಕೊಲೆಸ್ಟರಾಲ್ ಇದೆ.

3. ಎಳೆಗಳು: ಯೀಸ್ಟ್ ಏಕಕೋಶ ಜೀವಿಯಾಗಿದ್ದು ಮೊಗ್ಗೊಡೆದು ವೃದ್ಧಿಯಾಗುತ್ತದೆ. ಉಳಿದ ಬಹುಪಾಲು ಶಿಲೀಂಧ್ರಗಳು ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ಎಳೆಗಳಾಗಿ ಬೆಳೆಯುತ್ತವೆ. ಬೆಳವಣಿಗೆಯು ಎಳೆಯ ತುದಿಯಲ್ಲಿ ಮಾತ್ರ ನಡೆಯುತ್ತದೆ. ಕಣ್ಣಿಗೆ ಕಾಣುವ ಅಣಬೆಯು ಬೀಜಾಣುಗಳನ್ನು ಹರಡುವ ಅಂಗ ಮಾತ್ರ. ಮುಖ್ಯ ದೇಹವು ಎಳೆಗಳ ಜಾಲವಾಗಿ ಮಣ್ಣಿನಲ್ಲಿಯೋ ಮರದಲ್ಲಿಯೋ ಅಡಗಿರುತ್ತದೆ.

4. ಆಹಾರ ಸೇವನೆ: ಪ್ರಾಣಿಯು ಆಹಾರವನ್ನು ನುಂಗಿದ ಬಳಿಕ ಜೀರ್ಣಿಸಿಕೊಳ್ಳುತ್ತದೆ. ಶಿಲೀಂಧ್ರವು ಕಿಣ್ವಗಳನ್ನು ಹೊರಕ್ಕೆ ಸ್ರವಿಸಿ, ಆಹಾರವನ್ನು ದೇಹದ ಹೊರಗೇ ಜೀರ್ಣಿಸಿ, ಕರಗಿದ ಸಾರವನ್ನು ಹೀರಿಕೊಳ್ಳುತ್ತದೆ.

ಶಿಲೀಂಧ್ರಗಳ ಪ್ರಯೋಜನಗಳು

ಒಣಗಿದ ಎಲೆ, ಕಡ್ಡಿ, ಮರದ ದಿಮ್ಮಿಗಳನ್ನು ಕೊಳೆಯಿಸಿ ಮಣ್ಣಿಗೆ ಸೇರಿಸುವ ಕಾರ್ಯದಲ್ಲಿ ಶಿಲೀಂಧ್ರಗಳ ಪಾತ್ರ ಹಿರಿದು. ಮರಕ್ಕೆ ಗಡಸುತನ ನೀಡುವ ಲಿಗ್ನಿನ್ ಅನ್ನು ಪೂರ್ಣವಾಗಿ ವಿಘಟಿಸಬಲ್ಲ ಪ್ರಮುಖ ಜೀವಿಗಳು ಇವೇ. ಬೇರುಗಳೊಡನೆ ಸಹಬಾಳ್ವೆ ನಡೆಸುವ ಮೈಕೊರೈಜಾ ಶಿಲೀಂಧ್ರಗಳು ದೂರದ ಮಣ್ಣಿನಿಂದ ರಂಜಕವನ್ನು ತಂದು ಗಿಡಕ್ಕೆ ಒದಗಿಸುತ್ತವೆ ಮತ್ತು ಪ್ರತಿಯಾಗಿ ಗಿಡದಿಂದ ಸಕ್ಕರೆಯನ್ನು ಪಡೆಯುತ್ತವೆ.

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಅನ್ನು ಗುರುತಿಸಿದ್ದು ಪೆನಿಸಿಲಿಯಂ ಎಂಬ ಬೂಷ್ಟಿನಲ್ಲಿ. ಟ್ರೈಕೋಡರ್ಮಾ ಶಿಲೀಂಧ್ರವು ಕೈಟಿನ್ ಅನ್ನು ಕರಗಿಸುವ ಕಿಣ್ವವನ್ನು ಸ್ರವಿಸಿ ಮಣ್ಣಿನಲ್ಲಿರುವ ಇತರ ರೋಗಕಾರಕ ಶಿಲೀಂಧ್ರಗಳ ಭಿತ್ತಿಯನ್ನು ಒಡೆಯುತ್ತದೆ. ಇದೇ ಕಾರಣದಿಂದ ಅದನ್ನು ಬೀಜೋಪಚಾರಕ್ಕೂ, ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಮಣ್ಣಿಗೆ ಸೇರಿಸಲೂ ಬಳಸಲಾಗುತ್ತದೆ. ಟ್ರೈಕೋಡರ್ಮಾ ಸಹ ಶಿಲೀಂಧ್ರವೇ ಆದುದರಿಂದ ಅದನ್ನು ತಾಮ್ರಯುಕ್ತ ಔಷಧಗಳೊಡನೆ ಬೆರೆಸಬಾರದು.

ಮಾನವನ ಆರೋಗ್ಯ

ಪೆನಿಸಿಲಿನ್ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯ ನಿರ್ಮಾಣವನ್ನು ತಡೆಯುತ್ತದೆ. ಶಿಲೀಂಧ್ರಗಳಲ್ಲಿ ಅಂತಹ ಭಿತ್ತಿ ಇಲ್ಲ. ಆದುದರಿಂದ ಬ್ಯಾಕ್ಟೀರಿಯಾ ನಿವಾರಕ ಮಾತ್ರೆಗಳಿಂದ ಹುಳುಕಡ್ಡಿಯಂತಹ ಸೋಂಕು ಗುಣವಾಗುವುದಿಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮುಗಳು ತುರಿಕೆಯನ್ನು ತಾತ್ಕಾಲಿಕವಾಗಿ ಶಮನಗೊಳಿಸಿದರೂ ಸೋಂಕು ಒಳಗೊಳಗೇ ಹರಡಲು ಅವಕಾಶ ನೀಡುತ್ತವೆ.

ಶಿಲೀಂಧ್ರದ ಜೀವಕೋಶವು ಅನೇಕ ವಿಷಯಗಳಲ್ಲಿ ಮಾನವನ ಜೀವಕೋಶವನ್ನು ಹೋಲುವುದರಿಂದ, ರೋಗಿಗೆ ಹಾನಿಯಾಗದಂತೆ ಅದನ್ನು ಕೊಲ್ಲುವುದು ಕಷ್ಟಸಾಧ್ಯ. ವ್ಯತ್ಯಾಸವಿರುವ ಕೆಲವೇ ಸ್ಥಳಗಳಲ್ಲಿ ಎರ್ಗೋಸ್ಟೆರಾಲ್ ಮುಖ್ಯವಾದುದು. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ಸಂದರ್ಭದಲ್ಲಿ ಭಾರತದಲ್ಲಿ ಕಪ್ಪು ಶಿಲೀಂಧ್ರ ರೋಗವು ಹರಡಿದಾಗ ಬಳಸಲಾದ ಆಂಫೊಟೆರಿಸಿನ್-ಬಿ ಔಷಧವು ಎರ್ಗೋಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ. ಇದು ಮೂತ್ರಪಿಂಡಗಳಿಗೆ ತೊಂದರೆ ಉಂಟುಮಾಡಬಹುದಾದುದರಿಂದ ವೈದ್ಯರ ನಿಗಾದಲ್ಲಿಯೇ ನೀಡಬೇಕಾಗುತ್ತದೆ.

ಅಡಿಕೆ ತೋಟದ ಎರಡು ರೋಗಗಳು

ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರಿಗೆ ಕೊಳೆರೋಗವು ಚಿರಪರಿಚಿತ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಸಿ. ಕೋಲ್ಮನ್ ಈ ರೋಗವನ್ನು ವಿವರವಾಗಿ ಅಧ್ಯಯನ ಮಾಡಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಗೊನೆಗಳಿಗೆ ಕೊಟ್ಟೆ ಕಟ್ಟುವ ಹಳೆಯ ಪದ್ಧತಿಯ ಜೊತೆಗೆ ಬೋರ್ಡೋ ದ್ರಾವಣದ ಸಿಂಪರಣೆಯು ರೂಢಿಗೆ ಬಂದಿತು.

ಈ ರೋಗಕ್ಕೆ ಕಾರಣವಾದ ಫೈಟಾಫ್ತೊರಾ ಎಳೆಗಳಾಗಿ ಬೆಳೆಯುವುದರಿಂದ ಅದನ್ನು ದೀರ್ಘಕಾಲ ಶಿಲೀಂಧ್ರವೆಂದೇ ಪರಿಗಣಿಸಲಾಗಿತ್ತು. ವಾಸ್ತವವಾಗಿ ಅದು ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ದೂರದ ಬಂಧು. ಅದರ ಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ. ಅದು ಎರ್ಗೋಸ್ಟೆರಾಲ್ ಅನ್ನು ತಯಾರಿಸುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಇತ್ತೀಚಿನ ವರ್ಷಗಳಲ್ಲಿ ಮಲೆನಾಡಿನಲ್ಲಿ ವ್ಯಾಪಕವಾಗಿರುವ ಎಲೆಚುಕ್ಕೆ ರೋಗಕ್ಕೆ ಕಾರಣವಾದ ಕೊಲೆಟೋಟ್ರೈಕಂ ನಿಜವಾದ ಶಿಲೀಂಧ್ರ.

ಪ್ರೊಪಿಕೊನಜೋಲ್‌ನಂತಹ ಔಷಧಗಳು ಎರ್ಗೋಸ್ಟೆರಾಲ್ ತಯಾರಿಕೆಯನ್ನು ತಡೆಯುತ್ತವೆ. ಆದ್ದರಿಂದ ಅವು ಎಲೆಚುಕ್ಕೆಗೆ ಉಪಯುಕ್ತ. ಅವುಗಳನ್ನೇ ಕೊಳೆರೋಗಕ್ಕೆ ಸಿಂಪಡಿಸಿದಲ್ಲಿ ಹಣವೂ ವ್ಯರ್ಥ, ಫಸಲೂ ನಷ್ಟ. ಬೋರ್ಡೋ ದ್ರಾವಣದಲ್ಲಿರುವ ತಾಮ್ರವು ಮೊಳೆಯುತ್ತಿರುವ ಬೀಜಾಣುವಿನ ಕಿಣ್ವಗಳನ್ನೇ ಕೆಡಿಸುವುದರಿಂದ ಕೊಳೆರೋಗದ ತಡೆಗೆ ಅದು ಇಂದಿಗೂ ಆಧಾರವಾಗಿದೆ.

ಬೆಳೆಗಾರರು ಗಮನಿಸಬೇಕಾದ ಅಂಶಗಳು

- ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿ.ಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿ.ಗ್ರಾಂ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಕರಗಿಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿದು ಕಲಕಬೇಕು. ಕಬ್ಬಿಣದ ಪಾತ್ರೆಯನ್ನು ಬಳಸಬಾರದು.
- ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಕಂಡುಬಂದಲ್ಲಿ ಇನ್ನಷ್ಟು ಸುಣ್ಣವನ್ನು ಸೇರಿಸಬೇಕು.
- ಮುಂಗಾರು ಆರಂಭಕ್ಕೆ ಮುನ್ನ ಮೊದಲ ಬಾರಿ, 40–45 ದಿನಗಳ ನಂತರ ಎರಡನೆಯ ಬಾರಿ ಗೊನೆಗಳಿಗೆ ಸಿಂಪಡಿಸಬೇಕು. ಈ ದ್ರಾವಣವು ರೋಗವನ್ನು ತಡೆಯುತ್ತದೆಯೇ ಹೊರತು, ಈಗಾಗಲೇ ಕೊಳೆತ ಕಾಯಿಯನ್ನು ಸರಿಪಡಿಸುವುದಿಲ್ಲ.
- ಉದುರಿದ ರೋಗಪೀಡಿತ ಕಾಯಿಗಳನ್ನು ಆರಿಸಿ ನಾಶಪಡಿಸಬೇಕು.

ಯಾವುದೇ ಔಷಧವನ್ನು ಕೊಳ್ಳುವ ಮುನ್ನ ರೋಗವನ್ನು ಸರಿಯಾಗಿ ಗುರುತಿಸುವುದು ಅತ್ಯಗತ್ಯ. ಸಂಶಯವಿದ್ದಲ್ಲಿ ರೋಗಪೀಡಿತ ಎಲೆ ಅಥವಾ ಕಾಯಿಯ ಮಾದರಿಯೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.