ಎರಡನೆಯ ಹೆರಿಗೆ: ಮನೆಯಲ್ಲೋ, ಆಸ್ಪತ್ರೆಯಲ್ಲೋ?

ಕರಾವಳಿಯ ಧರ್ಮಕೇಂದ್ರಗಳಿಂದ ಹೊರಟ ಗುರುಗಳೂ ಧರ್ಮಭಗಿನಿಯರೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೇವೆ ಸಲ್ಲಿಸುತ್ತಿರುವುದು ನಮ್ಮ ಓದುಗರಿಗೆ ತಿಳಿದದ್ದೇ. ಬೀದರ್ ಜಿಲ್ಲೆಯನ್ನು ಒಳಗೊಂಡ ಕಲಬುರಗಿ ಧರ್ಮಪ್ರಾಂತ್ಯ 2005ರಲ್ಲಿ ಸ್ಥಾಪನೆಯಾಯಿತು. ಆ ಜಿಲ್ಲೆಯ ಹುಮನಾಬಾದ್–ಬಸವಕಲ್ಯಾಣ ಸೀಮೆಯ ಕೊಡಂಬಲದಂತಹ ಊರಿನಲ್ಲಿ ಎರಡನೆಯ ಬಾರಿ ಗರ್ಭಿಣಿಯಾದ ತಾಯಿಯ ಮುಂದೆ ಏಳಬಹುದಾದ ಪ್ರಶ್ನೆಯೊಂದನ್ನು ಇಲ್ಲಿ ವಿಚಾರ ಮಾಡೋಣ. ಚೊಚ್ಚಲು ಹೆರಿಗೆ ತವರಿನವರ ಆಸರೆಯಲ್ಲಿ, ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಈಗ ಮನೆಯಲ್ಲಿ ಎರಡು ವರ್ಷದ ಮಗುವಿದೆ, ಗಂಡನಿಗೆ ದಿನಗೂಲಿ ತಪ್ಪಿಸುವಂತಿಲ್ಲ. ಎರಡನೆಯದು ಮನೆಯಲ್ಲೇ ಆದರೇನು?

ಇದು ಅಜ್ಞಾನದ ಪ್ರಶ್ನೆಯಲ್ಲ. ಗದರಿಸಿ ಬಾಯಿ ಮುಚ್ಚಿಸುವುದು ಉತ್ತರವೂ ಅಲ್ಲ.

ಸೂಲಗಿತ್ತಿಗೆ ಸಲ್ಲಬೇಕಾದ ಗೌರವ

ಸೂಲಗಿತ್ತಿಯನ್ನು ಕೀಳಾಗಿ ಕಾಣುವುದು ಸಲ್ಲದು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು; ಅದೇ ವರ್ಷ ಕ್ರಿಸ್ಮಸ್ ದಿನದಂದು ಅವರು ತೀರಿಕೊಂಡರು. ಹೆರಿಗೆಯನ್ನು ಮೈಲಿಗೆಯೆಂದು ದೂರವಿಟ್ಟ ಸಮಾಜ, ಆ ಕೆಲಸವನ್ನು ಹೆಚ್ಚಾಗಿ ಕೆಳಜಾತಿಯೆನಿಸಿದ ಹೆಂಗಸರ ಕೈಗೇ ಬಿಟ್ಟಿತ್ತು. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದ ಶರಣರು ಜನನ ಸೂತಕವನ್ನು ತಿರಸ್ಕರಿಸಿದ್ದನ್ನು ನೆನೆಯಬೇಕು.

ಪವಿತ್ರ ಬೈಬಲ್ ಕೂಡ ಸೂಲಗಿತ್ತಿಯರನ್ನು ಹೆಸರಿಟ್ಟು ಸ್ಮರಿಸುತ್ತದೆ. ವಿಮೋಚನಾಕಾಂಡದ ಮೊದಲ ಅಧ್ಯಾಯದಲ್ಲಿ ಶಿಫ್ರಾ ಮತ್ತು ಪೂಗಾ ಎಂಬವರು ಫರೋಹನ ಆಜ್ಞೆಯನ್ನು ಮೀರಿ ಹಸುಳೆಗಳನ್ನು ಉಳಿಸಿದರು. ಧರ್ಮಭಗಿನಿಯರು ಹೆರಿಗೆ ಮಾಡಿಸಲು ಪವಿತ್ರ ಸಭೆಯಲ್ಲಿ ಬಹುಕಾಲ ನಿರ್ಬಂಧವಿತ್ತು. 1936ರ ಫೆಬ್ರವರಿ 11ರಂದು ರೋಮ್ ಹೊರಡಿಸಿದ ಸೂಚನೆಯಿಂದ ಮಿಷನ್ ಪ್ರದೇಶಗಳಲ್ಲಿ ಆ ಬಾಗಿಲು ತೆರೆಯಿತು.

ಎರಡನೆಯದು ಸುಲಭವೇ?

ಸಾಮಾನ್ಯವಾಗಿ ಎರಡನೆಯ ಹೆರಿಗೆ ಬೇಗ ಆಗುತ್ತದೆ. ಆದರೆ ಬೇಗ ಆಗುವುದು ಬೇರೆ, ಅಪಾಯವಿಲ್ಲದಿರುವುದು ಬೇರೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ಕುಗ್ಗದಿದ್ದರೆ ರಕ್ತಸ್ರಾವ ನಿಲ್ಲುವುದಿಲ್ಲ. ಅರ್ಧ ಲೀಟರ್ ದಾಟಿದರೆ ಅದನ್ನು ಅಧಿಕ ಸ್ರಾವವೆನ್ನುತ್ತಾರೆ. ತೀವ್ರವಾದಾಗ ತಾಯಿ ಉಳಿಯುವ ಅವಧಿಯನ್ನು ಗಂಟೆಗಳಲ್ಲಿ ಎಣಿಸಬೇಕಾಗುತ್ತದೆ. ಮೊದಲ ಹೆರಿಗೆ ಸರಾಗವಾದವರಿಗೂ ಇದು ಮುನ್ಸೂಚನೆಯಿಲ್ಲದೆ ಬರಬಹುದು.

ಇದನ್ನು ತಡೆಯಲು ಮಗು ಹುಟ್ಟಿದ ಕೂಡಲೇ 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತಾರೆ. ಆ ಔಷಧವನ್ನು ತಂಪಿನಲ್ಲಿ ಕಾಪಾಡಬೇಕು, ಕೊಡಲು ತರಬೇತಾದ ಕೈ ಬೇಕು. ಇದರ ಜೊತೆಗೆ ರಕ್ತಹೀನತೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತ ಕಡಿಮೆ. ರಕ್ತ ಕಡಿಮೆಯಿರುವ ತಾಯಿ ಸ್ವಲ್ಪ ಸ್ರಾವವನ್ನೂ ತಾಳಲಾರಳು. ಹಿಂದೆ ಸಿಸೇರಿಯನ್ ಆಗಿದ್ದರೆ, ರಕ್ತದೊತ್ತಡವಿದ್ದರೆ, ಅವಳಿ ಮಕ್ಕಳಿದ್ದರೆ, ಮಗು ಅಡ್ಡವಾಗಿದ್ದರೆ ಮನೆಯ ಯೋಚನೆಯನ್ನೇ ಕೈಬಿಡಬೇಕು.

ಇಂಗ್ಲೆಂಡಿನ ಲೆಕ್ಕ, ನಮ್ಮ ಹಳ್ಳಿ

ವಿದೇಶಗಳಲ್ಲಿ ಮನೆ ಹೆರಿಗೆ ಸುರಕ್ಷಿತವಂತೆ ಎಂದು ಕೆಲವರು ವಾದಿಸುತ್ತಾರೆ. ಇಂಗ್ಲೆಂಡಿನಲ್ಲಿ ತೊಡಕಿಲ್ಲದ ಸುಮಾರು 64,000 ಹೆರಿಗೆಗಳ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಎರಡನೆಯ ಅಥವಾ ನಂತರದ ಹೆರಿಗೆಯನ್ನು ಮನೆಯಲ್ಲಿ ಯೋಜಿಸಿದವರ ಶಿಶುಗಳಿಗೆ ಆಸ್ಪತ್ರೆಗಿಂತ ಹೆಚ್ಚಿನ ಅಪಾಯ ಅದರಲ್ಲಿ ಕಂಡುಬರಲಿಲ್ಲ. ಮೊದಲ ಹೆರಿಗೆಯಲ್ಲಿ ಅಪಾಯ ಹೆಚ್ಚಿತ್ತು. ಆದರೆ ಅದೇ ಅಧ್ಯಯನದಲ್ಲಿ, ಎರಡನೆಯ ಹೆರಿಗೆಗೆ ಮನೆಯನ್ನು ಆರಿಸಿಕೊಂಡವರಲ್ಲೂ ನೂರಕ್ಕೆ ಸುಮಾರು 12 ಮಂದಿಯನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ಮನೆಗೆ ಬಂದದ್ದು ಪದವಿ ಪಡೆದ, ಔಷಧ ಹೊತ್ತು ತಂದ ಮಿಡ್‌ವೈಫ್. ಅವರ ಬೆನ್ನಿಗೆ ಆಂಬುಲೆನ್ಸ್ ಮತ್ತು ಆಸ್ಪತ್ರೆ. ಅಲ್ಲಿನ ಮನೆ ಸುರಕ್ಷಿತವಾದದ್ದು ಈ ಏರ್ಪಾಟಿನಿಂದ. ಅದಿಲ್ಲದ ಹಳ್ಳಿಯ ಮನೆಗೆ ಆ ಲೆಕ್ಕ ಹೊಂದುವುದಿಲ್ಲ.

ನಮ್ಮಲ್ಲೂ ಇಂತಹ ಮಿಡ್‌ವೈಫ್‌ಗಳು ಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ಹೊರಡಿಸಿ, ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿಯನ್ನು ಗೊತ್ತುಮಾಡಿತು. ಬೀದರ್‌ಗೆ ಹೊಂದಿಕೊಂಡ ತೆಲಂಗಾಣದಲ್ಲಿ ಈ ತರಬೇತಿ 2017ರಲ್ಲೇ ಕರೀಂನಗರದಲ್ಲಿ ಆರಂಭವಾಗಿತ್ತು. ಅವರ ಕೆಲಸದ ಸ್ಥಳ ಆಸ್ಪತ್ರೆಯೇ. ಸೂಲಗಿತ್ತಿಯ ತಾಳ್ಮೆ ಮತ್ತು ಆಸ್ಪತ್ರೆಯ ಔಷಧ ಒಂದೇ ಕೋಣೆಯಲ್ಲಿ ಸಿಗಬೇಕೆಂಬುದು ಇದರ ಉದ್ದೇಶ.

ಈಗಲೇ ಮಾಡಬಹುದಾದದ್ದು

ಆಸ್ಪತ್ರೆಯ ಬಗ್ಗೆ ತಾಯಂದಿರಿಗಿರುವ ಭಯ ಹಲವು ಬಾರಿ ಒಂಟಿತನದ ಭಯ. ಹೆರಿಗೆಯ ವೇಳೆ ಹೆಣ್ಣು ಸಂಗಾತಿಯೊಬ್ಬಳು ಜೊತೆಗಿರಲು ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಅವಕಾಶವಿದೆ. ಅದನ್ನು ಕೇಳಿ ಪಡೆಯಬೇಕು. ಊರಿನ ಅನುಭವಿ ಸೂಲಗಿತ್ತಿಯೇ ಆ ಸಂಗಾತಿಯಾದರೆ ಇನ್ನೂ ಒಳ್ಳೆಯದು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಪ್ರತಿ ತಿಂಗಳ 9ರಂದು ಉಚಿತ ತಪಾಸಣೆಯಿದೆ. ಎರಡನೆಯ ಹೆರಿಗೆ ಬೇಗ ಆಗುವುದರಿಂದ, ನೋವು ಕಾಣಿಸಿದ ಕೂಡಲೇ 108ಕ್ಕೆ ಕರೆಮಾಡಬೇಕು. ಆಶಾ ಕಾರ್ಯಕರ್ತೆಗೂ ನೆರೆಮನೆಯ ವಾಹನದವರಿಗೂ ಮೊದಲೇ ಹೇಳಿಟ್ಟಿರಬೇಕು.

ದಾರಿಯಲ್ಲೇ ಹೆರಿಗೆಯಾಗಿ ಕ್ರೈಸ್ತ ದಂಪತಿಯ ಮಗುವಿನ ಜೀವಕ್ಕೆ ಅಪಾಯವಿದ್ದರೆ, ಪವಿತ್ರ ಸಭೆಯ ಉದ್ದೇಶದಿಂದ ಯಾರು ಬೇಕಾದರೂ ನೀರು ಸುರಿದು ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಕೊಡಬಹುದು. ಬಳಿಕ ಅದನ್ನು ಧರ್ಮಕೇಂದ್ರದ ಗುರುಗಳಿಗೆ ತಿಳಿಸಬೇಕು.

ಇನ್ನುಳಿದದ್ದು ನಮ್ಮೆಲ್ಲರ ಪಾಲು. ಎಲಿಜಬೇತಳ ಆರನೆಯ ತಿಂಗಳಲ್ಲಿ ಮಾತೆ ಮರಿಯಮ್ಮ ಬೆಟ್ಟದ ನಾಡಿಗೆ ಹೊರಟು, ಸುಮಾರು ಮೂರು ತಿಂಗಳು ಅವಳೊಂದಿಗಿದ್ದರೆಂದು ಸಂತ ಲೂಕನ ಶುಭಸಂದೇಶ ಹೇಳುತ್ತದೆ. ಎರಡನೆಯ ಬಾರಿ ಗರ್ಭಿಣಿಯಾದವಳನ್ನು ಮನೆಯಲ್ಲಿ ಕಟ್ಟಿಹಾಕುವುದು ಹಲವು ವೇಳೆ ಮೊದಲ ಮಗುವಿನ ಚಿಂತೆ. ಆ ಮಗುವಿಗೆ ಮೂರು ದಿನ ಊಟ ಹಾಕಿ ಮಲಗಿಸುವವರು ಯಾರು? ಒಲೆ ಹಚ್ಚುವವರು ಯಾರು? ಸ್ತ್ರೀ ಸಂಘಟನೆಯವರೂ ವಾರ್ಡಿನ ಗುರಿಕಾರರೂ ತಮ್ಮ ವಾರ್ಡಿನಲ್ಲಿ ಎಂಟನೆಯ ತಿಂಗಳು ದಾಟಿದ ತಾಯಂದಿರಿದ್ದಾರೆಯೇ ಎಂದು ಈ ಭಾನುವಾರವೇ ವಿಚಾರಿಸಲಿ. ಜಾತಿ ಧರ್ಮ ನೋಡದೆ ಅವರ ಮನೆಯ ಬಾಗಿಲು ತಟ್ಟಲಿ.